ರೊಟ್ಟಿ ತಿರುವುವಷ್ಟರಲ್ಲಿ ಗೋಲು

ಹಾಕಿ ಆಟವನ್ನು ಜನ ಟೀವಿಯಲ್ಲಿ ಏಕೆ ನೋಡುವುದಿಲ್ಲ ಎಂದು ಕೋಟು ತೊಟ್ಟ ನಾಲ್ವರು ಕೂತು ಚರ್ಚೆ ಮಾಡುವುದನ್ನು ನಾನು ಒಮ್ಮೆ ಟೀವಿಯಲ್ಲಿಯೇ ನೋಡಿದೆ. ಒಬ್ಬರು ಪ್ರಚಾರ ಸಾಲದು ಎಂದರು. ಇನ್ನೊಬ್ಬರು ಮನೆಮಾತಾಗುವಂಥ ಆಟಗಾರರಿಲ್ಲ ಎಂದರು. ಮೂರನೆಯವರು ಕ್ರಿಕೆಟ್ಟನ್ನು ಮನಸಾರೆ ಬೈದು ನೀರು ಕುಡಿದರು. ನಾಲ್ಕನೆಯವರಿಗೆ ಬಾಯಿ ತೆರೆಯುವ ಸರದಿಯೇ ಬರಲಿಲ್ಲ. ಅವರು ಏನು ಹೇಳಲಿದ್ದರೋ ಗೊತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಹಾಕಿಯನ್ನು ಕೆಡಿಸಿದ್ದು ಜೋಳದ ರೊಟ್ಟಿ. ನನ್ನ ಈ ಸಿದ್ಧಾಂತಕ್ಕೆ ಮನೆಯಲ್ಲಿ ಕವಡೆಯ ಕಿಮ್ಮತ್ತಿಲ್ಲವಾದ್ದರಿಂದ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಬೀದರಿನ ಹಳೆಯ ಊರೊಳಗಿನ ಮನೆ. ಟೀವಿ ಇರುವುದು ಪಡಸಾಲೆಯಲ್ಲಿ, ಒಲೆ ಇರುವುದು ಅಡುಗೆಮನೆಯ ಮೂಲೆಯಲ್ಲಿ. ಫ್ರಿಜ್ಜಿನ ಬಾಗಿಲು ಮುಚ್ಚಿದ್ದು, ನಮ್ಮ ಯಜಮಾನರು ಕುರ್ಚಿಯನ್ನು ಗೋಡೆಗೆ ಒತ್ತಿ ಕೂತಿದ್ದರೆ, ಹಂಚಿನ ಮುಂದೆ ನಿಂತ ನನಗೆ ಟೀವಿಯ ಮುಕ್ಕಾಲು ಪಾಲು ಕಾಣುತ್ತದೆ. ಸಂಜೆ ಏಳಕ್ಕೆ ನನ್ನ ರೊಟ್ಟಿ ಶುರು. ಬಡಿಯಬೇಕು, ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ತಿರುವಬೇಕು, ಅರಿವೆಯಿಂದ ಒತ್ತಿ ಉಬ್ಬಿಸಬೇಕು. ಕ್ರಿಕೆಟ್ ಎಂಬ ಆಟವನ್ನು ಯಾರು ಕಂಡುಹಿಡಿದರೋ, ಅವರ ಮನೆಯ ಹೆಂಗಸರೂ ರೊಟ್ಟಿ ಬಡಿಯುತ್ತಿದ್ದಿರಬೇಕು. ಒಂದು ಚೆಂಡು ಎಸೆದವನು ಅದನ್ನು ಪ್ಯಾಂಟಿಗೆ ಉಜ್ಜುತ್ತ ಹೊಲದ ಬದುವಿನ ತನಕ ನಡೆದು ಹೋಗುತ್ತಾನೆ. ಬ್ಯಾಟು ಹಿಡಿದವನು ಕೈಗವಸು ಬಿಚ್ಚಿ ಕಟ್ಟುತ್ತಾನೆ. ಅಷ್ಟರಲ್ಲಿ ನನ್ನ ರೊಟ್ಟಿಗೆ ನೀರು ಸವರಿ ಆಗಿರುತ್ತದೆ. ಯಾರಾದರೂ ಔಟಾದರೆ ಪಡಸಾಲೆಯಿಂದ ಕೂಗು ಬರುತ್ತದೆ. ನಾನು ಕೈ ಒರೆಸಿಕೊಂಡು ನಿಧಾನಕ್ಕೆ ಹೋದರೂ ಅದನ್ನೇ ಐದು ದಿಕ್ಕಿನಿಂದ ತೋರಿಸುತ್ತಿರುತ್ತಾರೆ. ಧಾರಾವಾಹಿ ಇನ್ನೂ ಉದಾರಿ. ಸೊಸೆಯ ಮುಖ ಬಲಗಡೆಯಿಂದ, ಎಡಗಡೆಯಿಂದ, ಮೇಲಿನಿಂದ, ನಡುನಡುವೆ ಸಿಡಿಲು. ಮಾಳಿಗೆಗೆ ಹೋಗಿ ಒಣಗಿದ ಬಟ್ಟೆ ತಂದು ಮಡಿಸಿ ಇಟ್ಟು ಬಂದರೂ ಆಕೆ ಇನ್ನೂ ಆಶ್ಚರ್ಯಪಡುತ್ತಲೇ ನಿಂತಿರುತ್ತಾಳೆ. ಹಾಕಿಯದು ಹಾಗಲ್ಲ. ಬಗ್ಗಿ ಒಂದು ರೊಟ್ಟಿ ತಿರುವಿ ತಲೆ ಎತ್ತುವಷ್ಟರಲ್ಲಿ ಗೋಲು ಆಗಿ, ಹುಡುಗಿಯರು ತಬ್ಬಿಕೊಂಡು, ಬಿಟ್ಟು, ಮತ್ತೆ ನಡುಗೆರೆಗೆ ಬಂದು ನಿಂತಿರುತ್ತಾರೆ. ಏನಾಯಿತು ಎಂದು ಕೇಳೋಣವೆಂದರೆ ಪಡಸಾಲೆಯಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ.

ಇಷ್ಟಕ್ಕೂ ನನಗೇಕೆ ಹಾಕಿಯ ಉಸಾಬರಿ? ಕೋಲು ಎಂಬುದನ್ನು ನಾನು ಕೈಯಲ್ಲಿ ಹಿಡಿದದ್ದು ಜೇಡರ ಬಲೆ ತೆಗೆಯಲು ಮಾತ್ರ. ಕಾರಣ ನಮ್ಮ ಅಂಬಿಕಾ. ಔರಾದ ತಾಲ್ಲೂಕಿನ ಡಾಬಕಾದಲ್ಲಿರುವ ನನ್ನ ಅಣ್ಣನ ಮಗಳು. ಶಾಲೆಯಲ್ಲಿದ್ದಾಗಲೇ ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾಗಿ ಹೋದವಳು, ಆಡುತ್ತ ಆಡುತ್ತ ಈ ಸಲ ಹೆಣ್ಣುಮಕ್ಕಳ ದೊಡ್ಡ ಲೀಗಿನ ಒಂದು ತಂಡಕ್ಕೆ ಸೇರಿದಳು. ಸಂಬಳ ಕೊಟ್ಟು ಆಡಿಸುವ ಲೀಗು, ಟೀವಿಯಲ್ಲಿ ಬರುವ ಲೀಗು. ಸುದ್ದಿ ಬಂದ ದಿನ ಅಣ್ಣ ಡಾಬಕಾದಲ್ಲಿ ಪೇಡೆ ಹಂಚಿದ. ನಾವು ಬೀದರಿನಲ್ಲಿ ಹಂಚಿದೆವು. ಭಾಲ್ಕಿಯಲ್ಲಿರುವ ನನ್ನ ನಾದಿನಿ ಶೋಭಾ, ತನಗೆ ಅಂಬಿಕಾ ಯಾವ ರೀತಿಯಿಂದ ನೆಂಟಳು ಎಂದು ಎರಡೆರಡು ಸಲ ನನ್ನನ್ನು ಕೇಳಿ ಖಚಿತ ಮಾಡಿಕೊಂಡು, ಅಲ್ಲಿಯೂ ಹಂಚಿದಳು. ಪೇಡೆ ತಿನ್ನುವುದು ಸುಲಭ. ಮ್ಯಾಚು ನೋಡುವುದು ಕಷ್ಟ ಎಂಬುದು ಆಮೇಲೆ ತಿಳಿಯಿತು.

ಮೊದಲ ಮ್ಯಾಚಿನ ಸಂಜೆ ನಮ್ಮ ಅತ್ತೆಯವರು ತಮ್ಮ ಧಾರಾವಾಹಿ ಬಿಟ್ಟು ದೊಡ್ಡ ಮನಸ್ಸು ಮಾಡಿ ಕೂತರು. ಸ್ವಲ್ಪ ಹೊತ್ತಿಗೆ, "ಚೆಂಡ ಎಲ್ಲಿ ಅದವ್ವಾ?" ಎಂದು ಕೇಳಿದರು. ನಾನು ಒಲೆಯ ಮುಂದಿನಿಂದಲೇ ಅಲ್ಲದ ನೋಡ್ರಿ ಅಂದೆ. ಅಂದಾಜಿನ ಮೇಲೆ ಹೇಳಿದ್ದು. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಚೆಂಡು ಸಿಗಲಿಲ್ಲ. ಇನ್ನೊಂದು ಕಡೆ ನಮ್ಮ ಯಜಮಾನರಿಗೆ ಸೀಟಿಯ ತೊಂದರೆ. ಅವರದು ಚೌಬಾರಾ ಬುರುಜಿನ ಹತ್ತಿರ ಪಾತ್ರೆಯ ಅಂಗಡಿ, ಯಾವುದಕ್ಕೂ ಕಾರಣ ಬೇಕು ಅವರಿಗೆ. ಅಂಪೈರು ಸೀಟಿ ಊದಿದಾಗಲೆಲ್ಲ ಯಾಕೆ ಊದಿದ ಎಂದು ಕೇಳಿದರು. ಕೊನೆಗೆ ಅವನಿಗೆ ಬೇರೆ ಕೆಲಸವಿಲ್ಲ ಎಂದು ತಾವೇ ತೀರ್ಮಾನಿಸಿ ಚಾನೆಲ್ಲು ತಿರುಗಿಸಿದರು. ಆ ಮೇಲಿನ ಮ್ಯಾಚುಗಳಲ್ಲೆಲ್ಲ ಹೀಗೆಯೇ ಆಯಿತು. ಒಮ್ಮೆ ಇಣುಕಿ, ಹುಡುಗಿಯರು ಓಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಬೇರೆ ಕಡೆ ಹೋಗುವುದು.

ಆದರೆ ಅಂಬಿಕಾ ಪ್ರತಿ ಮ್ಯಾಚಿನ ನಂತರ ಫೋನು ಮಾಡುತ್ತಿದ್ದಳು. ಒಂದು ದಿನ ಫೋನು ಯಜಮಾನರ ಕೈಗೆ ಸಿಕ್ಕಿತು. ಅವರು ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಧಾಟಿಯಲ್ಲಿ, "ಭಾಳ ಚಂದ ಆಡಿದಿ ಅವ್ವಾ. ಏನ ಓಡಿದಿ, ಏನ ಹೊಡದಿ," ಎಂದರು.

ಅವಳು, "ಮಾಮಾ, ಇವತ್ತ ನಾ ಆಡೇ ಇಲ್ಲರಿ. ಕಾಲ ಹಿಡ್ದಿತ್ತು, ಹೊರಗ ಕೂತಿದ್ದೆ," ಎಂದಳು.

ಯಜಮಾನರು ಕಾದ ಬೋಗುಣಿಯನ್ನು ದಾಟಿಸುವಂತೆ ಫೋನನ್ನು ನನ್ನ ಕೈಗೆ ದಾಟಿಸಿದರು. "ಕೂತದ್ದ ಚಂದ ಕೂತಿದ್ದಿ ಅಂತ ಹೇಳು," ಎಂದು ಪಿಸುಗುಟ್ಟಿದರು ಬೇರೆ.

ಅಂಬಿಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಪಾಡಿತ್ತು. "ಅತ್ತಿ, ನೋಡ್ಲಿಕ್ಕ ಆಗ್ಲಿಲ್ಲಂದ್ರ ಆಗ್ಲಿಲ್ಲ ಅನ್ರಿ," ಎಂದಳು. "ಅರ್ಧ ಕುರ್ಚಿ ಖಾಲಿ ಇರ್ತಾವರಿ ಇಲ್ಲಿ. ಕ್ಯಾಮೆರಾ ನೋಡಿ ಸಮಾಧಾನ ಮಾಡ್ಕೋತೇನಿ, ಅದರ ಆಚಿ ಕಡಿ ನಮ್ಮ ಮಂದಿ ಕೂತಾರ ಅಂತ. ನೀವೂ ಇಲ್ಲಂದ್ರ ಯಾರ ನೋಡಬೇಕ್ರಿ ನಮ್ಮನ್ನ?"

ಇಂಥದ್ದು ಕೇಳಿದಾಗ ಹೆಂಗಸರು ಕೊಡಬಾರದ ಮಾತು ಕೊಟ್ಟುಬಿಡುತ್ತಾರೆ. ನೀವು ಫೈನಲ್ಲಿಗೆ ಬನ್ನಿ, ಮನೆಮಂದಿಯೆಲ್ಲ ಮೊದಲಿಂದ ಕೊನೆಯ ತನಕ ನೋಡುತ್ತೇವೆ, ಬೇಕಾದರೆ ಆಮೇಲೆ ಪರೀಕ್ಷೆ ತೆಗೆದುಕೋ ಎಂದೆ. ಅವಳ ತಂಡ ಆಗ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು. ನನ್ನ ಧೈರ್ಯಕ್ಕೆ ಅದೂ ಒಂದು ಕಾರಣವಿದ್ದೀತು. ನೋಡನೋಡುತ್ತ ಅದು ಸೆಮಿಫೈನಲ್ ತನಕ ಬಂದೇಬಿಟ್ಟಿತು.

ಸೆಮಿಫೈನಲ್ಲಿನಲ್ಲಿ ತಾಲೀಮು ಮಾಡಿ ನೋಡೋಣವೆಂದು, ಆ ಸಂಜೆ ರೊಟ್ಟಿಯ ತಂಟೆಯೇ ಬೇಡ ಎಂದು ಐದು ಗಂಟೆಗೇ ಅನ್ನ ಬಸಿದು ಇಟ್ಟೆ. ನಮ್ಮ ಕಡೆಯ ರೀತಿ ಗೊತ್ತಿದ್ದವರು ಯಾರೂ ಮಾಡದ ತಪ್ಪು ಅದು. ನಮ್ಮಲ್ಲಿ ರಾತ್ರಿ ಬರೇ ಅನ್ನ ಬೆಂದಿತೆಂದರೆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಅತ್ತೆಯವರು ಪಾತ್ರೆಯ ಮುಚ್ಚಳ ತೆಗೆದು ನೋಡಿದರು, ನನ್ನ ಹಣೆ ಮುಟ್ಟಿದರು, ಸದ್ದಿಲ್ಲದೆ ಹೋಗಿ ಭಾಲ್ಕಿಗೆ ಫೋನು ಹಚ್ಚಿದರು. ಮ್ಯಾಚು ಶುರುವಾಗುವ ಹೊತ್ತಿಗೆ ನಾದಿನಿ ಫೋನಿನಲ್ಲಿ ನನ್ನ ಬಿಪಿ ಕೇಳುತ್ತಿದ್ದಳು. ಆಟ ಬಿಡುವಿಗೆ ಬಂದಾಗ ಪಕ್ಕದ ಮನೆಯವರು ನಿಂಬೆಹಣ್ಣು ಹಿಡಿದು ನಿಂತಿದ್ದರು. ಮರುದಿನ ಮೊದಲ ಬಸ್ಸಿಗೆ ಶೋಭಾ ಬಾಳೆಹಣ್ಣು, ಎಳನೀರು ಸಮೇತ ಇಳಿದಳು. ನಾನು ಒಲೆಯ ಮುಂದೆ ಗಟ್ಟಿಮುಟ್ಟಾಗಿ ನಿಂತದ್ದು ನೋಡಿ ಅವಳಿಗೆ ತುಸು ನಿರಾಶೆಯೇ ಆಯಿತು. "ವೈನಿ, ಹಾಕಿ ನೋಡ್ಲಿಕ್ಕ ಅನ್ನ ಮಾಡಿದ್ರೇನ್ರಿ? ಜನರಿಗಿ ಹೇಳಬ್ಯಾಡ್ರಿ, ತಲಿಗಿ ಏರ್ಯಾದ ಅಂತಾರ," ಎಂದಳು. ಬಂದವಳು ಹೇಗೂ ಎಳ್ಳಮಾಸಿ ಹಬ್ಬ ಹತ್ತಿರ ಬಂದಿದೆ, ಮುಗಿಸಿಕೊಂಡೇ ಹೋಗುತ್ತೇನೆ ಎಂದು ಉಳಿದಳು. ಆ ರಾತ್ರಿ ಫೋನೆಲ್ಲ ಭಾಲ್ಕಿಯ ಪಾಲಾಗಿ ಅಂಬಿಕಾಳಿಗೆ ನಾವು ಸಿಗಲೇ ಇಲ್ಲ, ಸೆಮಿಫೈನಲ್ಲು ಗೆದ್ದದ್ದು ನಮಗೆ ಪೇಪರಿನಿಂದ ತಿಳಿಯಿತು.

ಫೈನಲ್ ಯಾವತ್ತು ಎಂದು ನೋಡಿದರೆ ಎಳ್ಳಮಾಸಿಯ ದಿನವೇ, ಸಂಜೆ ಏಳೂವರೆಗೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಊರಿಗೆ ಊರೇ ಖಾಲಿಯಾಗಿ ಹೊಲ ಸೇರುವ ದಿನ. ನಮ್ಮದು ಮನ್ನಳ್ಳಿಯಲ್ಲಿ ಸ್ವಲ್ಪ ಹೊಲವಿದೆ. ಬೆಳಗಿನಿಂದ ಪೂಜೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲುವುದು, ಊಟ, ಬಂದವರಿಗೆ ಬಡಿಸುವುದು. ಇದರ ನಡುವೆ ಹಾಕಿ ಎಲ್ಲಿಂದ ಬರಬೇಕು? ಹೀಗೆ ಚಿಂತೆ ಮಾಡುತ್ತ ಸಜ್ಜೆಯ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುತ್ತಿದ್ದೆ. ಹಬ್ಬಕ್ಕೆ ನಾವು ಮೊದಲೇ ರೊಟ್ಟಿ ಮಾಡಿ, ಕಟುಂ ಎನ್ನುವ ಹಾಗೆ ಒಣಗಿಸಿ ಬುಟ್ಟಿಯಲ್ಲಿ ಒಟ್ಟುತ್ತೇವೆ. ಬುಟ್ಟಿ ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು. ಅದನ್ನು ನೋಡುತ್ತ ನೋಡುತ್ತ ನನ್ನ ಕೈ ನಿಂತಿತು. ವರ್ಷಕ್ಕೆ ಒಂದೇ ಒಂದು ಸಂಜೆ ನಮ್ಮ ಮನೆಯ ಹಂಚು ತಣ್ಣಗಿರುತ್ತದೆ, ಯಾರೂ ರೋಗ ಎಂದು ತಿಳಿಯುವುದಿಲ್ಲ, ಯಾರೂ ಭಾಲ್ಕಿಗೆ ಫೋನು ಮಾಡುವುದಿಲ್ಲ. ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸಿದ ಭಜ್ಜಿ ಕೊಪ್ಪರಿಗೆಯಲ್ಲಿರುತ್ತದೆ, ರೊಟ್ಟಿ ಬುಟ್ಟಿಯಲ್ಲಿರುತ್ತದೆ. ಆ ಸಂಜೆ ಇದೇ.

ಹಬ್ಬದ ದಿನ ಹೊಲದಿಂದ ಮರಳಿ ಬಂದಾಗ ಎಲ್ಲರೂ ಎದ್ದೇಳಲಾಗದಷ್ಟು ಉಂಡಿದ್ದರು. ಉಂಡವರು ಓಡಿ ಹೋಗುವುದಿಲ್ಲ. ನನಗೆ ಬೇಕಾದದ್ದೂ ಅದೇ. ಪಡಸಾಲೆಯಲ್ಲಿ ಕೂಡಿಸಿ ಟೀವಿ ಹಚ್ಚಿದೆ. ಧಾರಾವಾಹಿಯ ಬಗ್ಗೆ ಅತ್ತೆಯವರು ತಾವೇ ತೀರ್ಪು ಕೊಟ್ಟರು: ನಾಯಕಿ ಪ್ರಜ್ಞೆ ತಪ್ಪಿ ಬಿದ್ದು ಆಗಲೇ ಬಹಳ ದಿನವಾಗಿತ್ತು, "ಆಕಿ ನಾಳಿಗೂ ದವಾಖಾನ್ಯಾಗೇ ಇರ್ತಾಳ, ಎಲ್ಲಿ ಹೋಗ್ತಾಳ," ಎಂದರು. ಆಟ ಶುರುವಾದ ಕೂಡಲೇ ಮತ್ತೆ ಚೆಂಡು ಹುಡುಕತೊಡಗಿದರು. ನಾನು, ಚೆಂಡು ಬಿಡಿರಿ, ಅಂಬಿಕಾಳನ್ನಷ್ಟೇ ನೋಡಿರಿ ಎಂದೆ. ಅಷ್ಟು ಮಂದಿಯಲ್ಲಿ ಅಂಬಿಕಾ ಯಾರು? ಒಬ್ಬಳು ಹುಡುಗಿ ಗೋಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು, ಔರಾದ ಬಸ್ಸಿಗೆ ಕಾಯುವ ನನ್ನ ಅಣ್ಣನ ಹಾಗೆಯೇ ನಿಂತಿದ್ದಳು. ಅತ್ತೆಯವರು ತಕ್ಷಣ ಹಿಡಿದರು. "ಈಕಿ ಯಾಕ ಮುಂದ ಹೋಗವಲ್ಲಳು?" ಎಂದು ಕೇಳಿದರು. ಅವಳ ಕೆಲಸ ಗೋಲು ಹೊಡೆಯುವುದಲ್ಲ, ಬಂದವರನ್ನು ಒಳಗೆ ಬಿಡದಿರುವುದು ಎಂದು ನಾನು ತಿಳಿಸಿ ಹೇಳಿದೆ.

"ಹಂಗಂದ್ರ ಈಕಿ ಹೊಲ ಕಾಯಾಕಿ," ಎಂದರು ಅತ್ತೆಯವರು.

ಅಷ್ಟೇ ನೋಡಿ. ಕೋಟು ತೊಟ್ಟ ನಾಲ್ವರಿಗೂ ಹೊಳೆಯದ, ನನಗೂ ಹೊಳೆಯದ ಮಾತು. ಮಧ್ಯಾಹ್ನ ತಾನೆ ಮನ್ನಳ್ಳಿಯಲ್ಲಿ, ಹಂದಿ ನುಗ್ಗಿ ಮುರಿದ ಜೋಳ ನೋಡಿ ಮರುಗಿ ಬಂದವರು ಅವರು. ಆ ಗೋಲು ಈಗ ನಮ್ಮ ಹೊಲವಾಯಿತು, ಎದುರಿನ ತಂಡದವರು ಹಂದಿಗಳಾದರು. ಅವರು ಪಾಪ ಯಾವ ಯಾವ ಊರು, ದೇಶಗಳಿಂದ ಆಡಲು ಬಂದ ಮಕ್ಕಳೋ. "ಎಡಕ್ಕ ಬಂತು ನೋಡು, ಬದುವಿನ ಗುಂಟ ಬರ್ಲಿಕತ್ತದ," ಎಂದು ಅತ್ತೆಯವರು ಎಚ್ಚರಿಸುವರು, ಅಂಬಿಕಾ ಎಡಕ್ಕೆ ಓಡಿ ಕೋಲು ಅಡ್ಡ ಹಾಕುವಳು. ಶೋಭಾ ಕೂಡ ಮುಂದೆ ಸರಿದು ಕೂತಳು. ಯಜಮಾನರು ಸೀಟಿಯ ಕಾರಣ ಕೇಳುವುದನ್ನು ಬಿಟ್ಟು, ನಮ್ಮ ಕಡೆಗಾದರೆ ಸರಿ, ಅವರ ಕಡೆಗಾದರೆ ತಪ್ಪು ಎಂಬ ಸರಳ ನಿಯಮಕ್ಕೆ ಬಂದರು. ಮೂರನೆಯ ಭಾಗದಲ್ಲಿ ನಮ್ಮವರು ಒಂದು ಗೋಲು ಹೊಡೆದರು. ನಾನು ಅದನ್ನು ಕಣ್ಣಾರೆ ಕಂಡೆ. ರೊಟ್ಟಿ ಇಲ್ಲದ ಕೈಗಳಿಂದ ಚಪ್ಪಾಳೆ ತಟ್ಟುವುದು ಎಷ್ಟು ಹಗುರ ಎಂದು ಅಂದೇ ಗೊತ್ತಾಯಿತು.

ಕೊನೆಯ ಒಂದೆರಡು ನಿಮಿಷ ಉಳಿದಾಗ ಎದುರಿನವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಮ್ಮ ನಾಲ್ಕು ಹುಡುಗಿಯರು ಮುಖಕ್ಕೆ ಕವಚ ಕಟ್ಟಿಕೊಂಡು ಗೋಲಿನೊಳಗೆ ನಿಂತರು. ಎದುರಿನವಳು ಗುಂಡಿನಂಥ ಹೊಡೆತ ಹೊಡೆಯುತ್ತಾಳೆ, ಇವರು ಅದಕ್ಕೆ ಎದುರಾಗಿ ಓಡಬೇಕು. ಮೊದಲು ಓಡುವವಳು ಅಂಬಿಕಾ. ಅತ್ತೆಯವರು ಸೆರಗು ಬಾಯಿಗೆ ಇಟ್ಟುಕೊಂಡರು. ಆ ಹೊತ್ತಿಗೆ ಸರಿಯಾಗಿ ನನ್ನ ಮೂಗಿಗೆ ಒಂದು ವಾಸನೆ ಬಂತು. ಶೋಭಾ ಭಜ್ಜಿ ಬಿಸಿಗಿಟ್ಟು ಮರೆತಿದ್ದಳು. ನಿಮಗೆ ಗೊತ್ತಲ್ಲ, ಮೂವತ್ತು ವರ್ಷ ಒಲೆ ಕಾಯ್ದ ಕಾಲುಗಳು ತಲೆಯ ಅಪ್ಪಣೆ ಕೇಳುವುದಿಲ್ಲ. ನಾನು ಒಳಗೆ ಹೋಗಿ ಒಲೆ ಆರಿಸಿ, ತಳ ಕೆದಕಿ, ಸದ್ಯ ಬಚಾವಾಯಿತು ಎಂದುಕೊಳ್ಳುವಷ್ಟರಲ್ಲಿ ಪಡಸಾಲೆಯಲ್ಲಿ ಮಾಳಿಗೆ ಹಾರುವಂಥ ಕೂಗು. ಓಡಿ ಬಂದೆ. ಮತ್ತೊಮ್ಮೆ ತೋರಿಸುತ್ತಿದ್ದರು, ನಿಜ. ಆದರೆ ಯಜಮಾನರು ಟೀವಿಯ ಮುಂದೆಯೇ ಎದ್ದು ಕುಣಿಯುತ್ತಿದ್ದರು. ನನಗೆ ಕಂಡದ್ದು ಅವರ ಬೆನ್ನು. ಆಮೇಲೆ ಹೂಟರು ಊದಿತು, ಅಂಬಿಕಾಳ ತಂಡ ಗೆದ್ದಿತು, ಅವಳು ಕವಚ ತೆಗೆದು ಕ್ಯಾಮೆರಾದ ಕಡೆ ನೋಡಿ ಕೈ ಬೀಸಿದಳು. ಅತ್ತೆಯವರೂ ಇತ್ತಿಂದ ಕೈ ಬೀಸಿದರು, ನಾಚಿಕೆಯಿಲ್ಲದೆ.

ಫೋನು ಬಂದಾಗ ಸ್ಪೀಕರಿಗೆ ಹಾಕಿದೆವು. ಅಂಬಿಕಾ ಪರೀಕ್ಷೆ ಮರೆತಿರಲಿಲ್ಲ. ಗೋಲು ಯಾವ ಕಡೆಯಿಂದ ಬಂತು ಎಂದಳು, ಶೋಭಾ ಹೇಳಿದಳು. ತಾನು ಎಲ್ಲಿ ಜಾರಿ ಬಿದ್ದೆ ಎಂದಳು. ಯಜಮಾನರು ಮೊಣಕಾಲಿನ ಗಾಯದ ಸಮೇತ ಹೇಳಿದರು. ಅತ್ತೆಯವರು ಯಾರೂ ಕೇಳದಿದ್ದರೂ ಇಡೀ ಆಟವನ್ನು ಒಪ್ಪಿಸಿ, "ಹೊಲ ಚಂದ ಕಾಯ್ದಿ ಮಗಳಾ," ಎಂದರು. ಆ ಕಡೆ ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇರಬೇಕು. ನನ್ನ ಎದೆ ಹಬ್ಬದ ರೊಟ್ಟಿಯ ಬುಟ್ಟಿಯಂತೆ ತುಂಬಿ ಬಂದಿತ್ತು. ಇದೆಲ್ಲ ನನ್ನ ಸಾಧನೆ ತಾನೆ.

"ಅತ್ತಿ, ನೀವ್ಯಾಕ ಸುಮ್ಮ ಇದ್ದೀರಿ? ಕಡೀ ಕಾರ್ನರ್ ಹ್ಯಾಂಗ ತಡದೆ, ಹೇಳ್ರಿ ನೋಡೋಣ."

ನಾನು ಗಂಟಲು ಸರಿಮಾಡಿಕೊಂಡೆ. "ಭಾಳ ಚಂದ ಆಡಿದಿ ಅವ್ವಾ," ಎಂದೆ. "ಏನ ಓಡಿದಿ, ಏನ ಹೊಡದಿ."

ಯಜಮಾನರು ನನ್ನ ಮುಖವನ್ನೇ ನೋಡಿದರು. ಮದುವೆಯಾದ ಮೇಲೆ ಅವರು ನನ್ನನ್ನು ಅಷ್ಟು ಸಂತೋಷದಿಂದ ನೋಡಿದ್ದು ನೆನಪಿಲ್ಲ.

"ಅತ್ತಿ," ಎಂದಳು ಅಂಬಿಕಾ, "ಹಬ್ಬದ ಭಜ್ಜಿ ತಳ ಹತ್ತಿತ್ತೇನ್ರಿ?"