ಪಿಟಿ ಸರ್ರ ಎರಡ ಮಂಚದ ಪ್ಲ್ಯಾನು

"ದುರ್ಗ್ಯಾ, ನೋಡ್ಕೋತ ಇರು! ನಮ್ಮವ್ವ ಅಲ್ಲ, ಆಕಿ ಹಿಂದ ಇಡೀ ಮುಶಿಗೇರಿ ಟ್ರ್ಯಾಕ್ಟರ್ ಹತ್ತಿ ಬಂದ್ರೂ ಈ ಮನಿ ಗುಟ್ಟು ಹೊರಗ ಬೀಳೂದಿಲ್ಲ! ಇದು ಫಕೀರೇಶನ ಪ್ಲ್ಯಾನು!"

ನಾಗರ ಪಂಚಮಿ ಹಿಂದಿನ ದಿನ, ಅಂದ್ರ ರೊಟ್ಟಿ ಹಬ್ಬದ ದಿನ ಮುಂಜಾನೆದ್ದು ಫಕೀರೇಶ ಸರ್ರು ಹಿಂಗಂತ ಎದಿ ತಟ್ಟಿ, ಕೊಳ್ಳಾಗಿನ ಸೀಟಿ ಜೋರಾಗಿ ಊದಿದ್ರು. ನರಗುಂದದಾಗ ಸಾಲಿ ಪಿಟಿ ಮಾಸ್ತರು ಅವರು. ಸೀಟಿ ಊದದಿದ್ರ ಅವರಿಗೆ ಚಾ ಸೈತ ಇಳಿಯೂದಿಲ್ಲ.

ಗುಟ್ಟು ಅಂದ್ರ ಏನ್ರಿ? ಗುಟ್ಟು ಅಂದ್ರ ದುರ್ಗೇಶ! ಬಸ್ ಸ್ಟ್ಯಾಂಡ್ ಹಿಂದ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡೂ ದುರ್ಗೇಶ. "ಬಾಡಿಗಿ ಹಂಚ್ಕೊಳ್ಳಾಕ ಒಬ್ಬ ಹುಡುಗನ್ನ ಇಟಗೊಂಡೀನಿ" ಅಂತ ಸರ್ರು ಮುಶಿಗೇರ್ಯಾಗಿರೂ ತಮ್ಮ ಅವ್ವಗ ಹೇಳಿದ್ರು. ಖರೇ ಸಂಗ್ತಿ ಏನಂದ್ರ, ಗಂಡಾ-ಹೆಂಡ್ತಿ ಹ್ಯಾಂಗ ಸಂಸಾರ ಮಾಡ್ತಾರೋ ಹಂಗ ಇಬ್ಬರೂ ಐದ ವರ್ಷದಿಂದ ಸಂಸಾರ ಮಾಡಾಕತ್ತಿದ್ರು. ಪ್ಯಾಪರಿನ್ಯಾಗ ಇದಕ್ಕ ಸಲಿಂಗಿ ಗಿಲಿಂಗಿ ಅಂತ ದೊಡ್ಡ ಹೆಸರೈತಿ. ಮನ್ಯಾಗ ಮಾತ್ರ ನಳದ ನೀರ ಹಿಡಿಯೂ ಪಾಳಿ ಯಾರದು, ಹಾಲ ಉಕ್ಕಿಸಿದಾಂವ ಯಾವಾಂವ ಅನ್ನೂ ಜಗಳ ಅಷ್ಟ! ಬಾಗಲಾ ತಗದ್ರ "ಫಕೀರೇಶ ಸರ್ರ", ಬಾಗಲಾ ಹಾಕಿದ್ರ "ಲೇ ಫಕ್ಯಾ". "ಲಗ್ನಾ ಯಾವಾಗ್ರಿ ಸರ್ರ?" ಅಂತ ಯಾರರ ಕೇಳಿದ್ರ "ಜಾತಕದಾಗ ದೋಷ ಐತ್ರಿ" ಅಂತ ಅಂದು ಅಂದು, ನಡುವ ಒಬ್ಬ ಜೋಯಿಸರು ಬಂದು ಶಾಂತಿ ಮಾಡ್ಸಿ ದಕ್ಷಿಣಿ ತಗೊಂಡ ಹೋಗಿದ್ರು. ದೋಷ ಹೋಗ್ಲಿಲ್ಲ, ಪುಣ್ಯಾಕ!

ಇಷ್ಟ ದಿನ ಸರ್ರು ರೊಟ್ಟಿ ಹಬ್ಬ ಇಲ್ಲೇ ಮುಗಿಸಿ, ಪಂಚಮಿಗೆ ತಾವ ಊರಿಗೆ ಹೋಗತಿದ್ರು. ಈ ಸಲ ಅವರವ್ವ ದೇವವ್ವ ಫೋನ್ ಮಾಡಿ, "ಪಂಚಮಿ ನಿನ್ನ ಮನ್ಯಾಗ, ನಾ ಬರಾಕತ್ತೀನಿ" ಅಂದು ಕಟ್ ಮಾಡಿದ್ಲು.

"ಹೇಳಿಬಿಡೋ ಒಂದ ಸಲ" ಅಂದ ದುರ್ಗೇಶ. "ಎಷ್ಟ ದಿನಾ ಹಿಂಗ?"

"ಹೇಳಿದ್ರ ಆಕಿ ಮತ್ತ ನನ್ನ ಮಾರಿ ನೋಡೂದಿಲ್ಲೋ. ನನಗ ಇರಾಕಿ ಆಕಿ ಒಬ್ಬಾಕಿ" ಅಂದ್ರು ಸರ್ರು. ಆ ಮಾತ ಆಡೂವಾಗ ಸೀಟಿ ಗೀಟಿ ಏನೂ ಇರ್ಲಿಲ್ಲ.

ಸುರು ಆತ ನೋಡ್ರಿ ಕಾರ್ಯಾಚರಣಿ! ಸಾಲಿಯಿಂದ ತಂದ ಸುಣ್ಣದ ಪುಡಿಲೆ ಸರ್ರು ಮನಿ ನಟ್ಟನಡುವ ಕಬಡ್ಡಿ ಅಂಕಣದ ಗೆರಿ ಎಳದ್ರು. "ಈ ಕಡೆ ನಂದು, ಆ ಕಡೆ ನಿಂದು!" ಗ್ಯಾಸಿನ ಒಲಿ ಈ ಕಡೆ, ಕರೆಂಟಿನ ಒಲಿ ಆ ಕಡೆ. ಗ್ವಾಡಿ ಮ್ಯಾಲಿನ ಜೋಡಿ ಫೋಟೋ ಅಕ್ಕಿ ಡಬ್ಬಿ ಒಳಗ. ಒಂದ ಅಡಚಣಿ ಉಳೀತು. ಮನ್ಯಾಗ ಮಂಚ ಒಂದ!

ಎದರ ಮನಿ ರಹಿಮತಬಿ ಕಡೆ ಲಗ್ನದಾಗ ತವರುಮನಿಯಿಂದ ಬಂದಿದ್ದ ತೇಗದ ಮಂಚ ಇತ್ತು. ಸರ್ರು ಹೋಗಿ ಕೇಳಿದ್ರು.

"ಮಂಚಾ? ನಿಮ್ಮ ಮನ್ಯಾಗ ಐತೆಲ್ಲೋ!"

"ಇನ್ನೊಂದ ಬೇಕಾಗಿತ್ತು ಚಾಚಿ. ಇಬ್ಬರೂ ಬ್ಯಾರೆ ಬ್ಯಾರೆ ಮಲಗೂಣಂತ..."

ರಹಿಮತಬಿ ಹುಬ್ಬು ಏರಿದ್ವು. ದೊಡ್ಡ ಉಸಿರ ಬಿಟ್ಟು, "ಆತಪಾ, ಒಯ್ಯಿ. ಆದ್ರ ಸಿಟ್ಟು ಭಾಳ ದಿನಾ ಇಟಗೋಬ್ಯಾಡ್ರಿ" ಅಂದ್ಲು. ಸರ್ರ ಲಕ್ಷ್ಯ ಎಲ್ಲಾ ಮಂಚದ ಮ್ಯಾಲ. ಆಕಿ ಏನಂದ್ಲು, ಯಾಕಂದ್ಲು ಅನ್ನೂದು ತಲಿಗೆ ಹೋಗ್ಲೇ ಇಲ್ಲ.

ಮಂಚ ಬಂತು. ಬಾಗಲದಾಗ ಅರ್ಧ ಹೋತು. ನಿಂತಬಿಟ್ತು! ಒಳಗ ಹೋಗವಲ್ದು, ಹೊರಗ ಬರವಲ್ದು. ಒಳಗ ದುರ್ಗೇಶ ಜಗ್ಗತಾನ, ಹೊರಗ ಸರ್ರು ದಬ್ಬತಾರ. ಸೀಟಿ ಬಾಯಾಗ ಇದ್ದದ್ದಕ್ಕ ಉಸಿರ ಬಿಟ್ಟಾಗೊಮ್ಮೆ ಪೀಂ, ಪೀಂ! ಓಣಿ ಮಂದಿ ಎಲ್ಲಾ ಕಟ್ಟಿ ಮ್ಯಾಲ ಬಂತು. ಅದ ಹೊತ್ತಿಗೆ ಆಟೋದಿಂದ ಬುಟ್ಟಿ ಹಿಡಕೊಂಡು ದೇವವ್ವ ಇಳದ್ಲು.

ಒಳಗಿದ್ದ ದುರ್ಗೇಶಗ ಏನ ಗೊತ್ತು ಪಾಪ? ಒದರಿದ: "ಲೇ ಫಕ್ಯಾ! ನಾ ಮೊದಲ ಹೇಳಿದ್ನೆಲ್ಲೋ, ಇಷ್ಟ ವರ್ಷ ಇಬ್ಬರಿಗೂ ಸಾಕಾಗಿದ್ದ ಒಂದ ಮಂಚ ಇವತ್ತ ಯಾಕ ಸಾಲವಲ್ದಂತ!"

ಪೀಂ ಬಂದ್ ಆತು.

"ಅಂವ ಅನ್ನೂದೂ ಖರೇ ಐತಿ" ಅಂದ್ಲು ದೇವವ್ವ, ಸರ್ರ ಬೆನ್ನ ಹಿಂದ ನಿಂತು. "ಬಾಗಲದಾಗ ಮಂಚ ಹಿಂಗ ತರ್ತಾರೇನ್ಲೇ? ಮಗ್ಗಲಾ ಮಾಡಿ, ಕಾಲ ಮೊದಲ ಒಳಗ ಹಾಕ್ರಿ!"

ಹಂಗ ಮಾಡಿದ್ದ ತಡ, ಮಂಚ ಸರ್ರನೂ ಎಳಕೊಂಡು ಒಳಗ ಹೋಗಿ ಬಿತ್ತು. ದುರ್ಗೇಶ ಮಾರಿ ಬೆವರ ಒರಸಿಕೊಂಡು, "ನಮಸ್ಕಾರ್ರಿ ಯವ್ವಾರ. ನಾನು... ಫಕೀರೇಶ ಸರ್ರ ಕಡೆ ಬಾಡಿಗಿ..." ಅಂತ ತಡವರಿಸಿದ. ದೇವವ್ವ ಸುಣ್ಣದ ಗೆರಿ ನೋಡಿದ್ಲು.

"ಇದೇನೋ ಫಕೀರಾ?"

"ಇರುವಿ ಬರಬಾರ್ದಂತ ಹಾಕೀನಿ ಯವ್ವಾ!"

"ಹೂಂ" ಅಂತ ಆಕಿ ಗೆರಿ ದಾಟಿ ಹೋಗಿ ತೇಗದ ಮಂಚದ ಮ್ಯಾಲ ಕುಂತ್ಲು. ಗೆದ್ದೆ ಅಂತ ಸರ್ರು ಮೀಸಿ ಮ್ಯಾಲ ಕೈ ಹಾಕಿದ್ರು. ಆದ್ರ ಎದರ ಮನಿಯಿಂದ ಸುದ್ದಿ ಹೊಂಟಿತ್ತಲ್ರಿ! ಪಿಟಿ ಸರ್ರಿಗೂ ದುರ್ಗೇಶಗೂ ಜಗಳಾಗೇತಂತ! ಮಂಚ ಬ್ಯಾರೆ ಮಾಡ್ಯಾರಂತ!

ರೊಟ್ಟಿ ಹಬ್ಬ ಅಂದಮ್ಯಾಲ ಮನಿ ಮನಿಗೆ ರೊಟ್ಟಿ ಕೊಟ್ಟು ತಗೊಳ್ಳೂದ ಇದ್ದದ್ದ. ಆ ಓಣ್ಯಾಗ ಒಂದ ರಿವಾಜು: ಸಂಸಾರಕ್ಕೊಂದ ಪಾಲು. ಅಣ್ಣ-ತಮ್ಮ ಬ್ಯಾರೆ ಆಗಿದ್ರ ಎರಡ ಪಾಲು, ಕೂಡಿ ಇದ್ರ ಹತ್ತ ಮಂದಿ ಇರ್ಲಿ, ಒಂದ. ಈಗ ಓಣಿ ಓಣಿನ ರೊಟ್ಟಿ ಗಂಟು ಹಿಡಕೊಂಡು ರಾಜಿ ಮಾಡ್ಸಾಕ ಬಂತು!

ಮೊದಲ ಬಂದಾಕಿ ಬಾಜೂ ಮನಿ ಅನ್ನಪೂರ್ಣಾ. "ಸರ್ರ, ಇದೇನ ಕೇಳಾಕತ್ತೀವ್ರಿ ನಾವು? ಹಬ್ಬದ ದಿನ ಒಂದ ಮನ್ಯಾಗ ಎರಡ ಒಲಿ ಹೂಡಬಾರ್ದ್ರಿ!"

ಸರ್ರು ಕೆಮ್ಮಿದ್ರು. ಕಣ್ಣ ಹೊಡದ್ರು. ಎರಡೂ ಕೈಲೆ ಆಟ ನಿಂದ್ರಸೂ ಸನ್ನಿ ಮಾಡಿದ್ರು. ಯಾರ ಕೇಳ್ತಾರ?

ಆಕಿ ಹಿಂದ ರಹಿಮತಬಿ ಗಂಡ ಇಸ್ಮಾಯಿಲಸಾಬ. "ದುರ್ಗೇಶ, ನೀನರ ಒಂದ ಹೆಜ್ಜಿ ಸೋಲಪಾ. ನಾ ಸೋಲ್ತ ಬಂದದ್ದಕ್ಕ ಈ ಮಂಚ ಮೂವತ್ತ ವರ್ಷ ಬಾಳೇತಿ!"

ದೇವವ್ವ ಎಲ್ಲಾರ ಗಂಟೂ ಇಸಕೊಂಡ್ಲು. ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮಡಕಿಕಾಳು. ಆಮ್ಯಾಲ ಸಾವಕಾಶ ಕೇಳಿದ್ಲು: "ಎಲ್ಲಾರೂ ಒಂದೊಂದ ಪಾಲ ತಂದೀರಿ. ಈ ಬಾಡಿಗಿ ಹುಡುಗನ ಪಾಲ ಎಲ್ಲೈತ್ರಿ?"

"ಎರಡ ಪಾಲ ಯಾಕ್ರಿ ಯಕ್ಕಾ?" ಅಂದ್ಲು ಅನ್ನಪೂರ್ಣಾ. "ಸಂಸಾರ ಒಂದ ಅಲ್ಲೇನ್ರಿ? ನಾವು ಮೊದಲಿಂದ ಒಂದ ಕೊಡೂದು..." ಅಂದಾಕಿನ, ಎದರಿಗೆ ಕುಂತಾಕಿ ಯಾರಂತ ಆಗ ಹೊಳದು, ಬಾಯಿಗೆ ಸೆರಗ ಹಿಡಕೊಂಡ್ಲು. ಅಷ್ಟ್ರಾಗ ಮಂದಿ ಎಲ್ಲಾ ಸರದು ಕಟ್ಟಿ ಖಾಲಿ!

ಐದ ವರ್ಷ ಸರ್ರು ತಾವ ಓಣಿಗೆ ಗೊತ್ತಾಗದಂಗ ಗುಟ್ಟು ಕಾಯ್ದೀನಂತ ತಿಳಕೊಂಡಿದ್ರಲ್ಲ, ಓಣಿನ ಇವರ ಗುಟ್ಟು ಕಾಯ್ದು, ವರ್ಷಾ ವರ್ಷಾ ಒಂದ ಸಂಸಾರದ ಪಾಲು ತಂದು ಕೈಯಾಗ ಇಟ್ಟಿತ್ತು! ಆ ಗಂಟು ನೋಡಿ ಪಿಟಿ ಮಾಸ್ತರ ಕಣ್ಣಾಗ ನೀರ ಬಂತು. ಇಂಥಾ ಮಂದಿ ಸಿಗಾಕ ಪುಣ್ಯಾ ಮಾಡಿರಬೇಕು.

"ಯವ್ವಾ, ಅದೂ... ನಾನು, ದುರ್ಗೇಶ..."

"ಮೊದಲ ನನಗ ಒಂದ ಹೇಳು" ಅಂದ್ಲು ದೇವವ್ವ. "ಆ ಮಂಚ ಯಾರದು?"

"ನಂದು."

"ಈ ಮಂಚ?"

"ದುರ್ಗೇಶಂದು."

"ಇಷ್ಟ ದೊಡ್ಡ ಪ್ಲ್ಯಾನ್ ಹಾಕೀದಿ, ಬರಾಕತ್ತಿದ್ದ ಮುದುಕಿ ನಾ ಎಲ್ಲಿ ಮಲಗಬೇಕೋ? ಪಂಚಮಿ ಜೋಕಾಲ್ಯಾಗೇನು?"

ಸರ್ರು ಬಳ್ಳಲೆ ಎರಡೂ ಮಂಚ ಎಣಸಿದ್ರು. ಇಡೀ ಪ್ಲ್ಯಾನಿನ್ಯಾಗ ಅವ್ವಗ ಜಾಗಾನ ಇರ್ಲಿಲ್ಲ! ದುರ್ಗೇಶಗ ತಡಿಯಾಕಾಗ್ಲಿಲ್ಲ, ಖೊಕ್ ಅಂತ ನಕ್ಕಬಿಟ್ಟ. ದೇವವ್ವನೂ ನಕ್ಕಳು.

"ಹುಚ್ಚಪ್ಯಾಲಿ! ಐದ ವರ್ಷ ಫೋನ್ ಮಾಡ್ದಾಗೆಲ್ಲಾ 'ದುರ್ಗೇಶ ಹಂಗಂದ, ದುರ್ಗೇಶ ಹಿಂಗ ಮಾಡ್ದ.' ನಿನಗ ಜ್ವರಾ ಬಂದಾಗ ದವಾಖಾನ್ಯಾಗ ಕುಂತಾಂವ ಈಂವ. ಬಾಡಿಗಿ ಹುಡುಗ ಇಷ್ಟ ಮಾಡ್ತಾನೇನೋ? ಮೊದಲ ತಿಳದಾಗ ಎದಿ ಒಡದಂಗ ಆಗಿತ್ತು, ಸುಳ್ಳ ಯಾಕ ಹೇಳ್ಲಿ. ಆಮ್ಯಾಲ ಅನಸ್ತು, ನಾ ಹೋದ ಮ್ಯಾಲ ನಿನಗ ಒಂದ ತುತ್ತ ಹಾಕಾವ್ರು ಅದಾರಲ್ಲ, ನನ್ನ ಪುಣ್ಯಾ ಅಂತ. ಇವನ್ನ ನೋಡಾಕ ಬಂದೀನಿ ನಾ, ನಿನ್ನ ಸೀಟಿ ಕೇಳಾಕಲ್ಲ."

ಬುಟ್ಟಿಯಿಂದ ಪಂಚಮಿ ಉಂಡಿ ಡಬ್ಬಿ ತಗದು ಆಕಿ ದುರ್ಗೇಶನ ಕೈಯಾಗ ಇಟ್ಲು. ಡಬ್ಬಿ ಒಂದ. ಸರ್ರು ಕಸಬರಗಿ ತಗೊಂಡು, ಮೂಗ ಏರಿಸ್ಕೋತ, ಸುಣ್ಣದ ಗೆರಿ ತಾವ ಉಡಗಿದ್ರು.

ಅಷ್ಟ್ರಾಗ ಎದರ ಕಟ್ಟಿಯಿಂದ ರಹಿಮತಬಿ ದನಿ ಬಂತು: "ಫಕೀರೇಶಾ! ರಾಜಿ ಆದ್ರ ನನ್ನ ಮಂಚ ಕೊಟ್ಟ ಕಳಸ್ರೋ!"

ಸರ್ರು ಬಾಯಿ ತಗಿಯೂದ್ರಾಗ ದೇವವ್ವ ಬಾಗಲಕ್ಕ ಬಂದು ಇಡೀ ಓಣಿಗೆ ಕೇಳೂಹಂಗ ಒದರಿದ್ಲು:

"ರಾಜಿ ಆದ್ರ್ಯವ್ವಾ! ಮಂಚ ಮಾತ್ರ ಈಗ ಸಿಗೂದಿಲ್ಲ. ದುರ್ಗೇಶನ ಅತ್ತಿ ಬಂದಾಳ, ಇನ್ನ ಎಂಟ ದಿನಾ ಇರ್ತಾಳ!"