ಯಜಮಾನನೊಬ್ಬನನ್ನು ಬಿಟ್ಟು ಊರನ್ನೆಲ್ಲ ಹೊತ್ತ ಬೈಕಿಗೆ

ಶೀಳನೆರೆ
ಧಾತು ಸಂವತ್ಸರ, ಶ್ರಾವಣ ಶುದ್ಧ ಬಿದಿಗೆ, ಶುಕ್ರವಾರ
ದಿನಾಂಕ 16-8-1996

ಇವರಿಗೆ,
ಕೆಂಪು ಟ್ಯಾಂಕಿನ, ಎಡಗನ್ನಡಿ ಇಲ್ಲದ ಶ್ರೀ ಮೋಟಾರ್ ಬೈಕ್ ಅವರು,
ಚಿಕ್ಕಸ್ವಾಮಿಯವರ ದನದ ಕೊಟ್ಟಿಗೆ, ಶೀಳನೆರೆ, ಕೆ.ಆರ್. ಪೇಟೆ ತಾಲ್ಲೂಕು.

ಮಾನ್ಯರೇ,

ತಮ್ಮ ಟ್ಯಾಂಕು ತುಂಬಿರಲಿ, ಚೈನು ಬಿಗಿಯಾಗಿರಲಿ, ಪ್ಲಗ್ಗಿಗೆ ಎಂದೂ ಮಸಿ ಕಟ್ಟದಿರಲಿ ಎಂದು ಹಾರೈಸುತ್ತಾ, ತಮ್ಮನ್ನು ಕೊಂಡವನೂ ಕೆ.ಆರ್. ಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತನೂ ಆದ ರವೀಂದ್ರ ಬಿನ್ ಚಿಕ್ಕಸ್ವಾಮಿ ಅತ್ಯಂತ ವಿನಯದಿಂದ ಬರೆದುಕೊಳ್ಳುವ ದೂರು ಇದು. ಕೊಟ್ಟಿಗೆಗೆ ಬಂದು ತಮ್ಮ ಕಿವಿಯಲ್ಲೇ ಹೇಳಬಹುದಿತ್ತು. ಆದರೆ ತಾವು ಮಾಡಿದ್ದೆಲ್ಲ ನಡುಬೀದಿಯಲ್ಲಿ ಆದ್ದರಿಂದ ನಾನೂ ಪತ್ರವನ್ನು ಊರಿನ ಮುಂದೆಯೇ ಇಡುತ್ತಿದ್ದೇನೆ.

ತಮ್ಮನ್ನು ಕೊಂಡದ್ದು ಯಾಕೆಂದು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಮೇ ತಿಂಗಳಲ್ಲಿ ನನಗೆ ಅಕ್ಕಿಹೆಬ್ಬಾಳಿನ ಪವಿತ್ರಳೊಂದಿಗೆ ಮದುವೆಯಾಯಿತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು, ಹೊಸ ಅಳಿಯ ಮಾವನ ಮನೆಯ ಹೊಸ್ತಿಲು ತುಳಿಯಬಾರದು ಎಂಬ ಹಿರಿಯರ ನಿಯಮದಂತೆ ಅವಳನ್ನು ಜೂನ್ ನಡುವಿನಲ್ಲಿ ತವರಿಗೆ ಕಳಿಸಿಕೊಟ್ಟೆವು. ಬಸ್ಸು ಹತ್ತಿದರೆ ಎರಡನೇ ಸ್ಟಾಪಿಗೇ ಅವಳಿಗೆ ಹೊಟ್ಟೆ ತೊಳಸುತ್ತದೆ. "ಶ್ರಾವಣದ್ ಮೊದಲ್ನೇ ದಿನವೇ ಬಂದ್ಬುಡಿ, ಆದ್ರೆ ಬಸ್ಸಲ್ ಮಾತ್ರ ಬ್ಯಾಡ" ಎಂದಳು. ಬಸ್ಸೇಕೆ, ನನ್ನದೇ ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಬರುತ್ತೇನೆ ಎಂದೆ. "ಓಡ್ಸಕ್ ಬತ್ತದಾ ನಿಮ್ಗೆ?" ಎಂದು ಕೇಳಿದಳು. ಅದೇನು ಮಹಾ ವಿದ್ಯೆ ಎಂದುಬಿಟ್ಟೆ. ಬರುತ್ತಿರಲಿಲ್ಲ.

ಆ ಒಂದು ಮಾತಿಗಾಗಿ ಬಾಬುರಾಯನಕೊಪ್ಪಲಿನ ನಿವೃತ್ತ ಓವರ್‌ಸಿಯರ್ ಒಬ್ಬರಿಂದ ತಮ್ಮನ್ನು ಕೊಂಡೆ. ಅವರೇ ತಮ್ಮನ್ನು ಓಡಿಸಿಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು, ಪಾಂಡವಪುರದಲ್ಲಿ ಒಂದು ಕಾಫಿ ಕುಡಿದು, ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದರು. ಆರತಿ ತರುತ್ತಾಳೆಂದು ನಾನು ಕಾದಿದ್ದರೆ ನನ್ನ ತಾಯಿ ಜಯಲಕ್ಷ್ಮಮ್ಮ ಬಾಗಿಲಲ್ಲೇ ತಲೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ನನ್ ಕಂದ, ಶನಿವಾರ್ದ ದಿನ ಮನೆಗೆ ಕಬ್ಣ ತಂದ್ಬುಟ್ಟಲ್ಲೋ!" ಎಂದಳು. ನಾಳೆ ಪೂಜೆ ಮಾಡಿಸೋಣವೆಂದರೆ ಭಾನುವಾರ ಅಮಾವಾಸ್ಯೆ. ಸೋಮವಾರವೆಂದರೆ ಆಷಾಢದ ಪಾಡ್ಯ. ಪಂಚಾಂಗ ನೋಡುವ ಮುದ್ದಯ್ಯನವರು ಬಂದು, ಶ್ರಾವಣದವರೆಗೆ ನಾನು ತಮ್ಮ ಸೀಟನ್ನು ಮುಟ್ಟಕೂಡದೆಂದು ಅಪ್ಪಣೆ ಕೊಟ್ಟರು. ಒಂದು ತಿಂಗಳು ತಾನೇ ಎಂದು ಒಪ್ಪಿದೆ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು: ನಾನು ನೋಡಿದ್ದು ಕಚೇರಿಯ ಗೋಡೆಯ ಕ್ಯಾಲೆಂಡರು, ಅದರಲ್ಲಿ ರಜೆ ಮಾತ್ರ ಕೆಂಪಗಿರುತ್ತದೆ. ಈ ವರ್ಷ ಅಧಿಕಮಾಸ ಬಿದ್ದು ಆಷಾಢವೇ ಎರಡೆಂದು ಮುದ್ದಯ್ಯನವರು ಹೇಳಿದ್ದು ಎಲೆ ಅಡಿಕೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ. ಒಟ್ಟು ಐವತ್ತೊಂಬತ್ತು ದಿನ.

ಅಷ್ಟು ದಿನ ತಾವು ಹಸುಗಳ ಪಕ್ಕದಲ್ಲಿ ಸುಮ್ಮನೆ ನಿಂತಿದ್ದರೆ ನನ್ನ ತಕರಾರು ಏನೂ ಇರಲಿಲ್ಲ. ಎಮ್ಮೆಗೂ ತಮಗೂ ಒಟ್ಟಿಗೇ ಮೈ ಒರೆಸಿ, ಸಂಜೆ ಹೊತ್ತು ತಮ್ಮೆದುರು ಕುಕ್ಕರಗಾಲಲ್ಲಿ ಕೂತು ಪವಿತ್ರಳನ್ನು ನೆನೆಸಿಕೊಂಡು ಕಾಲ ಕಳೆಯುತ್ತಿದ್ದೆ. ಆದರೆ ಮೂರನೆಯ ದಿನವೇ ಪಕ್ಕದ ಮನೆಯ ಟ್ರಾಕ್ಟರು ಓಡಿಸುವ ಕುಳ್ಳಯ್ಯ ಬಂದು, ನಿಂತ ಗಾಡಿಯ ಎಂಜಿನ್ನು ಹಿಡಿದುಕೊಳ್ಳುತ್ತದೆ, ದಿನಾ ಒಂದು ಸುತ್ತು ಹೊಡೆಸಬೇಕು ಎಂದ. ಆಷಾಢವಲ್ಲವೇ ಎಂದು ನಾನು ಕೇಳಿದ್ದಕ್ಕೆ ನಮ್ಮ ತಂದೆಯವರು ಕೊಟ್ಟ ವ್ಯಾಖ್ಯಾನವನ್ನು ಅವರ ಮಾತಲ್ಲೇ ಬರೆಯುತ್ತೇನೆ: "ನೀನ್ ಕೂತ್ರೆ ಅದು ಒಸ ಗಾಡಿ ಕಣ್ಲಾ. ಬ್ಯಾರೆಯೋರ್ ಕೂತ್ರೆ ಅಳೇ ಗಾಡಿ. ಅಳೇ ಗಾಡಿಗೆ ಎಲ್ಲೈತ್ಲಾ ಆಷಾಢ?" ಮುದ್ದಯ್ಯನವರು ಕಣ್ಣು ಮುಚ್ಚಿ ಯೋಚಿಸಿ, ಹೌದು, ದೋಷ ಯಜಮಾನನಿಗೆ ಮಾತ್ರ ಎಂದರು. ಎಂದವರೇ ಎದ್ದು, ಪೇಟೆಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಕುಳ್ಳಯ್ಯನ ಹಿಂದೆ ಕೂತು ಹೊರಟೇಹೋದರು.

ತಮ್ಮ ದೊಡ್ಡ ಮನಸ್ಸನ್ನು ಎಷ್ಟು ಹೊಗಳಿದರೂ ಸಾಲದು. ಕುಳ್ಳಯ್ಯ ಒಂದೇ ಒದೆತಕ್ಕೆ ತಮ್ಮನ್ನು ಎಬ್ಬಿಸುತ್ತಿದ್ದ. ಕಬ್ಬಿನ ಕೆಲಸವೆಂದು ನಮ್ಮ ತಂದೆಯವರನ್ನು ಪಾಂಡವಪುರಕ್ಕೆ ಒಯ್ದಿರಿ, ಬರುವಾಗ ಎರಡು ಮೂಟೆ ಹಿಂಡಿಯನ್ನೂ ತಂದಿರಿ. ಜನ್ಮದಲ್ಲಿ ಸೈಕಲ್ಲನ್ನೂ ಹತ್ತದ ನನ್ನ ತಾಯಿಯನ್ನು, ಶನಿವಾರದ ಕಬ್ಬಿಣವೆಂಬುದನ್ನು ಮರೆಸಿ, ನಾಗಮಂಗಲದ ಅವಳ ತಂಗಿಯ ಮನೆಗೆ ಕರೆದೊಯ್ದು, "ತೊಟ್ಲಲ್ ಕೂತಂಗಾಯ್ತು ಕಣ್ ಮಗ" ಎನ್ನಿಸಿದಿರಿ. ಎರಡನೇ ಆಷಾಢದಲ್ಲಿ ಪವಿತ್ರಳ ತಮ್ಮ ಬಂದು, "ಒಸಿ ಕೆಲ್ಸ ಐತೆ ಬಾವ" ಎಂದು ತಮ್ಮನ್ನು ಅಕ್ಕಿಹೆಬ್ಬಾಳಿಗೇ ಒಯ್ದು ಹತ್ತು ದಿನ ಇಟ್ಟುಕೊಂಡ. ನಾನು ಹೋಗಬಾರದ ಮನೆಯ ಅಂಗಳದಲ್ಲಿ ತಾವು ಹತ್ತು ದಿನ ಅತಿಥಿ. ನನ್ನ ಹೆಂಡತಿಯ ಮುಖವನ್ನು ತಾವು ದಿನಾ ನೋಡಿದಿರಿ. ಹೊಟ್ಟೆ ಉರಿಯಿತು ಸ್ವಾಮಿ, ಇದರಲ್ಲಿ ಮುಚ್ಚಿಡುವುದೇನಿದೆ?

ಇನ್ನೊಂದು ದಿನವನ್ನೂ ತಮ್ಮ ಗಮನಕ್ಕೆ ತರಬೇಕು. ನಾನು ಎಂದಿನಂತೆ ಕಂಬಿಗೆ ಜೋತುಬಿದ್ದು ಬಸ್ಸಿನಲ್ಲಿ ಕಚೇರಿಗೆ ಹೋಗುತ್ತಿದ್ದಾಗ ತಾವು ನಮ್ಮ ತಂದೆಯವರನ್ನು ಹೊತ್ತು ಹಾರನ್ ಹೊಡೆಯುತ್ತಾ ಆ ಬಸ್ಸನ್ನು ಹಿಂದೆ ಹಾಕಿದಿರಿ. ತಂದೆಯವರು ನನ್ನನ್ನು ಕಂಡು ಕೈ ಬೀಸಿದರು. ಕಂಡಕ್ಟರ್, "ಅದು ನಿಮ್ ಗಾಡಿ ಅಲ್ವಾ ಸಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೇಳಿದ. ನಾನು ಟಿಕೆಟ್ಟಿನ ಚಿಲ್ಲರೆ ಹುಡುಕುತ್ತಿರುವವನಂತೆ ಜೇಬಿಗೆ ಕೈ ಹಾಕಿ ನಿಂತೆ.

ಹಾಗೆಂದು ನಾನೇನೂ ಕೈಕಟ್ಟಿ ಕೂತಿರಲಿಲ್ಲ. ಕುಳ್ಳಯ್ಯ ಬಾಯಲ್ಲಿ ಹೇಳಿಕೊಟ್ಟ ಕ್ಲಚ್ಚು, ಗೇರುಗಳನ್ನು ಕಚೇರಿಯ ಮೇಜಿನ ಕೆಳಗೆ ಎಡಗೈ, ಎಡಗಾಲುಗಳಿಂದ ಅಭ್ಯಾಸ ಮಾಡಿ, ಎದುರು ಕೂರುವ ಹೆಡ್ ಗುಮಾಸ್ತ ಚಿಕ್ಕಮಾದಯ್ಯನವರ ಮೊಣಕಾಲಿಗೆ ಮೂರು ಸಲ ಸೆಕೆಂಡ್ ಗೇರು ಹಾಕಿದ್ದೇನೆ. ಮನೆಯ ಜಗುಲಿಯಲ್ಲಿ ಕೂತು ಕಿಕ್ಕು ಹೊಡೆಯುತ್ತಿದ್ದಾಗ ನನ್ನ ತಾಯಿ ಕಾಲಿಗೆ ವಾಯು ಹಿಡಿದಿದೆಯೆಂದು ಎಣ್ಣೆ ಕಾಯಿಸಿ ತಂದಳು. ತಮ್ಮ ಮೇಲೆ ಹತ್ತುವುದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಕಲಿತಿದ್ದೆ.

ನಿನ್ನೆ ಶ್ರಾವಣ ಬಂತು, ಜೊತೆಗೆ ಸ್ವಾತಂತ್ರ್ಯ ದಿನವೂ ಬಂತು. ತಮಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಮುದ್ದಯ್ಯನವರು ಹೇಳಿದ ಗಳಿಗೆಗೆ ಸರಿಯಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಾನು ತಮ್ಮನ್ನು ಏರಿದೆ. ಎಲ್ಲರಿಗೂ ಒಂದೇ ಒದೆತಕ್ಕೆ ಏಳುವ ತಾವು ನನಗೆ ಹನ್ನೊಂದನೆಯದಕ್ಕೆ ಎದ್ದಿರಿ. ಎದ್ದವರು ಒಮ್ಮೆ ಕೆಮ್ಮಿ, ಒಮ್ಮೆ ನೆಗೆದು, ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಹಾರದ ಸಮೇತ ನನ್ನನ್ನು ಎದುರಿಗಿದ್ದ ತಿಪ್ಪೆಗೆ ಒಯ್ದಿರಿ. ಸ್ವಾತಂತ್ರ್ಯದ ಮಿಠಾಯಿ ತಿನ್ನುತ್ತಾ ನಿಂತಿದ್ದ ಊರು ಬಾಯಿ ತುಂಬ ನಕ್ಕಿತು. "ಎಲ್ಡು ತಿಂಗ್ಳು ಕಾದಿದ್ದು ತಿಪ್ಪೆಗೋಗಕ್ಕೇನ್ಲಾ?" ಎಂದರು ತಂದೆಯವರು.

ಕೊನೆಗೆ ಆದದ್ದೇನು? ಕುಳ್ಳಯ್ಯ ಮುಂದೆ, ನಾನು ಹಿಂದೆ. ಅಕ್ಕಿಹೆಬ್ಬಾಳಿನವರೆಗೂ ಅವನ ಬೆನ್ನನ್ನೇ ನೋಡುತ್ತಾ, ಪವಿತ್ರಳಿಗೆ ಏನೆಂದು ಹೇಳಲಿ ಎಂದು ಯೋಚಿಸುತ್ತಾ ಹೋದೆ. ಅಳುವುದೊಂದು ಬಾಕಿ. ಅವಳು ಬಾಗಿಲಲ್ಲೇ ಸೂಟ್‌ಕೇಸಿನೊಂದಿಗೆ ನಿಂತಿದ್ದಳು. ತಮ್ಮನ್ನು ನೋಡಿದಳು, ಕುಳ್ಳಯ್ಯನನ್ನು ನೋಡಿದಳು, ನನ್ನ ಬಿಳಿ ಅಂಗಿಯ ಮೇಲಿನ ಸಗಣಿಯನ್ನು ನೋಡಿದಳು. ನಾನು ಬಾಯಿ ತೆಗೆಯುವ ಮೊದಲೇ, "ಕುಳ್ಳಯ್ಯಣ್ಣ, ಈ ಸೂಟ್‌ಕೇಸ್ ತಕ್ಕಂಡು ನೀವು ಬಸ್ಸಲ್ ಬಂದ್ಬುಡಿ" ಎಂದಳು. ಆಮೇಲೆ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಮ್ಮ ಮೇಲೆ ಕೂತು, ನನ್ನ ಕಡೆ ತಿರುಗಿ, "ಇಂದ್ಗಡೆ ಕೂತ್ಕಳಿ, ಗಟ್ಟಿಯಾಗಿ ಇಡ್ಕಳಿ" ಎಂದಳು. ಆ ಹತ್ತು ದಿನ ಅವಳ ತಮ್ಮನಿಗಿದ್ದ ಕೆಲಸ ಏನೆಂದು ನನಗೆ ಆಗ ತಿಳಿಯಿತು. ಹೊಳೆಯ ಪಕ್ಕದ ರಸ್ತೆಯಲ್ಲಿ ದಿನಾ ಸಂಜೆ ಅಕ್ಕನಿಗೆ ಪಾಠ ಆಗಿತ್ತಂತೆ. ತಾವು ಒಂದೇ ಒದೆತಕ್ಕೆ ಎದ್ದಿರಿ.

ತಮ್ಮ ದ್ರೋಹಕ್ಕೆ ಇನ್ನು ಯಾವ ಸಾಕ್ಷಿ ಬೇಕು? ಪೇಟೆಯ ನಡುವೆ ಹಾದು ಬರುವಾಗ ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ನಮ್ಮ ಕಚೇರಿಯ ಚಿಕ್ಕಮಾದಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅವಳ ಜಡೆಯ ಮಲ್ಲಿಗೆ ನನ್ನ ಮೂಗಿಗೆ ತಾಗುತ್ತಿತ್ತು, ಅವಳು ದಾರಿಯುದ್ದಕ್ಕೂ ಏನೋ ಹೇಳುತ್ತಾ ನಗುತ್ತಿದ್ದಳು, ಗಾಳಿಗೆ ಒಂದೂ ಕೇಳಿಸದೆ ನಾನು ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದೆ. ಐವತ್ತೊಂಬತ್ತು ದಿನದಲ್ಲಿ ಮೊದಲ ಸಲ ಸಂತೋಷವಾಯಿತು ಎಂದು ಈ ಬಹಿರಂಗ ಪತ್ರದಲ್ಲಿ ಬಹಿರಂಗವಾಗಿಯೇ ಒಪ್ಪುತ್ತೇನೆ. ಆದರೂ ದೂರು ದೂರೇ.

ಆದ್ದರಿಂದ ಸನ್ನಿಧಾನದಲ್ಲಿ ಕೋರುವುದೇನೆಂದರೆ, ನಾನು ಏರಿದಾಗ ತಾವು ದಯವಿಟ್ಟು ನನ್ನನ್ನು ಕುಳ್ಳಯ್ಯನೆಂದೇ ಭಾವಿಸತಕ್ಕದ್ದು. ಮುದ್ದಯ್ಯನವರು ಹಿಂದೆ ಕೂತಾಗ ಮಾತ್ರ ತಿಪ್ಪೆಯ ದಾರಿಯನ್ನು ನೆನಪಿಗೆ ತಂದುಕೊಳ್ಳತಕ್ಕದ್ದು. ಮತ್ತು ತಮಗೆ ಪಂಚಾಂಗ ಬರೆಯುವವರ ಪರಿಚಯವೇನಾದರೂ ಇದ್ದಲ್ಲಿ, ಮುಂದಿನ ಅಧಿಕಮಾಸವನ್ನು ಮದುವೆಯಾಗಿ ಇಪ್ಪತ್ತು ವರ್ಷವಾದವರಿಗೆ ಮಾತ್ರ ಅನ್ವಯಿಸುವಂತೆ ಒಂದು ಮಾತು ಹೇಳತಕ್ಕದ್ದು.

ಹೀಗೆಂದು ತಮ್ಮ ಸೀಟಿನ ಹಿಂಭಾಗದಲ್ಲಿ ಖಾಯಂ ಆಗುತ್ತಿರುವ,
ತಮ್ಮ ವಿಶ್ವಾಸಿ,
ರವೀಂದ್ರ

ಮರೆತ ಮಾತು: ಇನ್ನು ತಮ್ಮನ್ನು ಎರವಲು ಬೇಡುವವರು ಯಾರೂ ನನ್ನ ಹತ್ತಿರ ಬರಬೇಕಾಗಿಲ್ಲ, ಕೀ ಪವಿತ್ರಳ ಸೆರಗಿನ ಗಂಟಿನಲ್ಲಿದೆ. ತಂದೆಯವರಿಗೆ ಇಲ್ಲ ಎಂದಾಯಿತು, ಮುದ್ದಯ್ಯನವರಿಗೂ ಇಲ್ಲ ಎಂದಾಯಿತು. ಇವತ್ತು ಬೆಳಿಗ್ಗೆ ನಾನೂ ಕೇಳಿ ನೋಡಿದೆ. "ಮೊದ್ಲು ಕಲ್ತ್ಕಳಿ, ಆಮೇಲ್ ನೋಡಾನ" ಎಂದಳು. ಈ ಪತ್ರವನ್ನು ಬಸ್ಸಿನಲ್ಲಿ ಕೂತು ಬರೆದಿದ್ದೇನೆ, ಅಕ್ಷರ ಕುಣಿದಿದ್ದರೆ ಮನ್ನಿಸುವುದು.