ಊಟ ಹಾಕಿ ಕೆಲಸದಿಂದ ತೆಗೆಯುವುದು

ಕೆಟ್ಟ ಸುದ್ದಿ ಹೇಳಲಿಕ್ಕೆ ಬೇರೆಯೇ ಒಂದು ಬಾಯಿ ಬೇಕು. ದೇವರು ನನಗೆ ಕೊಟ್ಟಿರುವುದು ಬರೀ ಊಟದ ಬಾಯಿ. ಯಾರಾದರೂ ಎದುರಿಗೆ ಕೂತು 'ಹೇಗಿದೆ?' ಎಂದು ಕೇಳಿದರೆ ಹಳಸಿದ ಸಾರನ್ನೂ ಹೊಗಳಿಬಿಡುತ್ತೇನೆ. ಇದು ನಮ್ಮ ಮನೆತನದಿಂದ ಬಂದದ್ದು. ವಿಜಯಪುರದಲ್ಲಿ ನಮ್ಮಪ್ಪ ಬಾಡಿಗೆದಾರನಿಗೆ ಮನೆ ಬಿಡು ಎಂದು ಹೇಳಿಬರುತ್ತೇನೆಂದು ಟೊಪ್ಪಿಗೆ ಹಾಕಿಕೊಂಡು ಹೋದವರು, ಅವನ ಮಗಳ ಮದುವೆಗೆ ನಮ್ಮ ಪಡಸಾಲೆಯನ್ನೂ ಬಿಟ್ಟುಕೊಟ್ಟು ಬಂದಿದ್ದರು. ಅವ್ವ ಬಾಗಿಲಲ್ಲೇ ತಡೆದು "ಹೇಳಿದ್ರೇನು?" ಎಂದು ಕೇಳಿದಳು. "ಹೇಳಬೇಕಂತ ಬಾಯಿ ತಗದೆ, ಅಷ್ಟರಾಗ ಚುರುಮುರಿ ತಂದಿಟ್ರು" ಎಂದರು ಅಪ್ಪ. ಇಂಥ ತಂದೆಯ ಮಗನನ್ನು ಯಾವ ಕಂಪನಿಯೂ ಮ್ಯಾನೇಜರ್ ಮಾಡಬಾರದು. ನಮ್ಮ ಕಂಪನಿ ಮಾಡಿತು.

ನಾನಿರುವುದು ಬಿಬವೇವಾಡಿಯಲ್ಲಿ, ಆಫೀಸು ಹಿಂಜವಾಡಿಯಲ್ಲಿ. ನಡುವೆ ಇಡೀ ಪುಣೆ ಹಾರ್ನ್ ಬಾರಿಸುತ್ತ ನಿಂತಿರುತ್ತದೆ. ಕಂಪನಿ ಬಸ್ಸಿನಲ್ಲಿ ಒಂದು ನಿದ್ದೆ ಮುಗಿಸಿ ಎದ್ದರೂ ಕಿಟಕಿಯಾಚೆ ಅದೇ ಟೆಂಪೋ, ಅದೇ ಡ್ರೈವರ್. ಗೋದಾಮಿನಲ್ಲಿ ಯಾವ ಪೆಟ್ಟಿಗೆ ಎಲ್ಲಿದೆ ಎಂದು ಹೇಳುವ ಸಾಫ್ಟ್‌ವೇರ್ ಮಾಡುವವರು ನಾವು. ಆದರೆ ನಮ್ಮ ಆಫೀಸಿನಲ್ಲೇ ಯಾರು ಯಾರ ಕೈಕೆಳಗೆ ಎಂದು ಕೇಳಿದರೆ ಒಬ್ಬರೂ ಧೈರ್ಯವಾಗಿ ಹೇಳುವುದಿಲ್ಲ. ಮುಂಬೈಯಿಂದ ಆಗಾಗ ಡೈರೆಕ್ಟರ್ ಸಾಹೇಬರು ಬರುತ್ತಾರೆ. ಚೌಕಗಳ ನಕ್ಷೆಯೊಂದನ್ನು ಗೋಡೆಯ ಮೇಲೆ ಬೆಳಗಿಸಿ, ಆ ಚೌಕ ಇಲ್ಲಿ, ಈ ಚೌಕ ಅಲ್ಲಿ ಎಂದು ಸರಿಸುತ್ತಾರೆ. ಒಂದೊಂದು ಚೌಕದಲ್ಲಿ ಒಬ್ಬೊಬ್ಬರ ಹೆಸರು. ದೀಪಾವಳಿ ಬಂತೆಂದರೆ ನನ್ನ ಹೆಂಡತಿ ಕಪಾಟು ಸರಿಸುವುದೂ ಹೀಗೆಯೇ. ಸರಿಸಿದ ಮೇಲೆ ಏನಾದರೊಂದು ಮನೆಯಿಂದ ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಸರಿಸಿದ್ದಕ್ಕೆ ಅರ್ಥವೇ ಇಲ್ಲ ಎನ್ನುತ್ತಾಳೆ.

ಈ ಸಲ ಹೊರಗೆ ಹೋಗಬೇಕಾಗಿದ್ದವನು ನನ್ನ ಟೀಮಿನ ರಘುನಂದನ್. ತುಮಕೂರಿನವನು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ನೇರ. ಮಗಳನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದ, ವಾಕಡದಲ್ಲಿ ಫ್ಲ್ಯಾಟು ಕೊಂಡಿದ್ದ. ಅವನ ತಪ್ಪೇನೂ ಇರಲಿಲ್ಲ, ಸರಿಸುವಾಗ ಅವನ ಚೌಕಕ್ಕೆ ಜಾಗ ಸಿಗಲಿಲ್ಲ, ಅಷ್ಟೇ. ಎಚ್‌ಆರ್ ನೋಡಿಕೊಳ್ಳುವ ಮೃಣಾಲ್ ಮ್ಯಾಡಂ ನನ್ನನ್ನು ಕರೆದು, ಸೋಮವಾರದೊಳಗೆ ಅವನಿಗೆ ನೀವೇ ಹೇಳಬೇಕು ಎಂದರು. ಹೇಗೆ ಹೇಳಬೇಕೆಂದು ತರಬೇತಿಯನ್ನೂ ಕೊಟ್ಟರು. ತೆಗೆದಿದ್ದೇವೆ ಎನ್ನಕೂಡದಂತೆ, ನಿಮ್ಮ ಮುಂದೆ ಹೊಸ ಅಧ್ಯಾಯ ತೆರೆಯುತ್ತಿದೆ ಎನ್ನಬೇಕಂತೆ. ಮೇಜಿನ ಮೇಲೆ ಕಣ್ಣೊರೆಸುವ ಕಾಗದದ ಡಬ್ಬಿ ಇರಬೇಕಂತೆ. ನೀರು ಕೊಡಬಹುದಂತೆ, ಚಹಾ ಬೇಡವಂತೆ, ಚಹಾ ಕೊಟ್ಟರೆ ಮಾತು ಬೆಳೆಯುತ್ತದಂತೆ.

ಮನೆಗೆ ಬಂದು ಯೋಚಿಸಿದೆ. ಲಗ್ನಪತ್ರಿಕೆ ಕೊಡಲು ಬಂದವರನ್ನೂ ನಾವು ಚಹಾ ಕೊಡದೆ ಕಳಿಸಿದವರಲ್ಲ. ಒಬ್ಬನ ಅನ್ನ ಕಿತ್ತುಕೊಳ್ಳುವಾಗ ಬರೀ ನೀರು ಕೊಡುವುದೆಂದರೆ ಹೇಗೆ? ಮೊದಲು ಹೊಟ್ಟೆ ತುಂಬ ಉಣಿಸಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡು ರವಿವಾರ ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆದೆ. ನನ್ನ ಹೆಂಡತಿ ಸುಮಿತ್ರಾ, "ಯಾಕ್ರಿ, ಏನ್ ವಿಶೇಷ?" ಎಂದಳು.

"ಏನಿಲ್ಲ, ಹಂಗ ಸುಮ್ಮನ."

"ಸುಮ್ಮನ ಕರಿಯೋ ಪೈಕಿ ಅಲ್ರಿ ನೀವು. ಅವರಿಗೆ ಏನೋ ಛಲೋದ್ ಆಗೇದ, ನನ್ ಮುಂದ ಹೇಳವಲ್ರಿ."

ಅವಳಿಗೂ ನಿಜ ಹೇಳಲಾಗಲಿಲ್ಲ. ಹೀಗಾಗಿ ಅವಳು ಹುರುಪಿನಿಂದ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ, ಮೊಸರು, ಚಟ್ನಿ ಎಲ್ಲ ಮಾಡಿದಳು.

ರಘುನಂದನ್, ಅವನ ಹೆಂಡತಿ ದೀಪಾ, ಪುಟ್ಟ ಮಗಳು ಬಂದರು. ನಾನು ಅವನ ಪಕ್ಕದಲ್ಲೇ ಕೂತೆ. ರೊಟ್ಟಿ ಮುಗಿದ ಮೇಲೆ ಹೇಳೋಣ ಎಂದುಕೊಂಡೆ, ಹೋಳಿಗೆ ಬಂತು. ಹೋಳಿಗೆ ಮುಗಿದ ಮೇಲೆ ಎಂದುಕೊಂಡೆ, ಮುಗಿಯಗೊಡದೆ ನಾನೇ ಇನ್ನೊಂದು ಹಾಕಿಸಿದೆ. ಅವನು ಎರಡೂ ಕೈ ಎಲೆಗೆ ಅಡ್ಡ ಹಿಡಿದರೂ ಸಂದಿಯಲ್ಲಿ ಮತ್ತೊಂದು ತೂರಿಸಿದೆ. ಕೊನೆಗೆ ಮಜ್ಜಿಗೆ ಬಂದಾಗ, ಇನ್ನು ದಾರಿಯಿಲ್ಲವೆಂದು ಮೃಣಾಲ್ ಮ್ಯಾಡಂ ಕಲಿಸಿದ ಪಾಠ ಒಪ್ಪಿಸಿದೆ.

"ರಘುನಂದನ್, ನಿಮ್ಮ ಮುಂದ ಹೊಸಾ ಅಧ್ಯಾಯ ತೆರೀಲಿಕ್ಕತ್ತದ್ರಿ."

"ಅಂದ್ರೆ ಏನ್ ಸಾರ್?"

"ಅಂದ್ರ, ಈಗಿನ ಜಾಗಾ ನಿಮಗ ಸಣ್ಣದಾತು ಅಂತ ಮ್ಯಾಲಿನವರ ವಿಚಾರ. ನಿಮ್ಮ ಯೋಗ್ಯತಾಕ್ಕ ತಕ್ಕ ಅವಕಾಶ ಸಿಗಬೇಕಂತ."

ರಘುನಂದನ್ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದ. ದೀಪಾ ಕೈ ಮುಗಿದು, "ಅಯ್ಯೋ, ಬೆಳಿಗ್ಗೆಯಿಂದ ನನ್ನ ಬಲಗಣ್ಣು ಅದುರ್ತಿತ್ತು, ಏನಾಗುತ್ತೋ ಅಂತ ಭಯ ಆಗಿತ್ತು ಸಾರ್" ಎಂದಳು. ಸುಮಿತ್ರಾ ನನ್ನ ಕಡೆಗೊಮ್ಮೆ ಗೆದ್ದ ನೋಟ ಬೀರಿ ಒಳಗೆ ಹೋಗಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ತಂದಳು. "ಬರ್ರಿ ದೀಪಾ, ಇಂಥಾ ಸುದ್ದಿ ಕೇಳಿ ಉಡಿ ತುಂಬದ ಕಳಿಸಬಾರದು" ಎಂದು ಅವಳನ್ನು ಮಣೆಯ ಮೇಲೆ ಕೂಡಿಸಿದಳು. ದೀಪಾ ಸೆರಗೊಡ್ಡಿ ಕೂತಳು. ಕೆಲಸ ಕಳೆದುಕೊಂಡವನ ಹೆಂಡತಿಗೆ ನಮ್ಮ ಮನೆಯಲ್ಲಿ ಉಡಿ ತುಂಬುತ್ತಿದ್ದರು, ನಾನು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ, "ಎಲಿ ಅಡಿಕಿ ಕೊಡು" ಎಂಬ ಮಾತು ಬಂತು.

ಸೋಮವಾರ ಮಾತ್ರ ಹೇಗಾದರೂ ಹೇಳಲೇಬೇಕೆಂದು ಬಸ್ಸಿನಲ್ಲಿ ಎಲ್ಲ ದೇವರಿಗೂ ಹರಕೆ ಹೊತ್ತು ಆಫೀಸು ತಲುಪಿದೆ. ಅಷ್ಟರಲ್ಲಿ ರಘುನಂದನ್ ಬಾಗಿಲಲ್ಲೇ ಪೇಢೆಯ ಡಬ್ಬಿ ಹಿಡಿದು ನಿಂತಿದ್ದ. ನನ್ನ ಬಾಯಿಗೂ ಒಂದು ಬಿತ್ತು. ಮೃಣಾಲ್ ಮ್ಯಾಡಂ ಓಡಿಬಂದು ಪಿಸುಗುಟ್ಟಿದರು, "ತುಮ್ಹಿ ಸಾಂಗಿತಲಂ ನಾ?" ಹೇಳಿದಿರಿ ತಾನೇ ಎಂದು. ಹೇಳಿದೆ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಹೊತ್ತಿಗೇ ಲಿಫ್ಟಿನಿಂದ ಇಳಿದ ಡೈರೆಕ್ಟರ್ ಸಾಹೇಬರು ಪೇಢೆ ಬಾಯಿಗಿಟ್ಟುಕೊಂಡು, ಯಾಕೆ ಎಂದು ಕೇಳುವ ಮೊದಲೇ ರಘುನಂದನನ ಕೈ ಕುಲುಕಿ ಅಭಿನಂದನೆ ಹೇಳಿಬಿಟ್ಟರು. ದೊಡ್ಡವರ ರೂಢಿಯೇ ಹಾಗೆ, ಅವರಿಗೆ ಚೌಕ ಗೊತ್ತು, ಮುಖ ಗೊತ್ತಿಲ್ಲ. ಇಡೀ ಆಫೀಸು ಚಪ್ಪಾಳೆ ತಟ್ಟಿತು.

ಆಮೇಲೆ ಮುಚ್ಚಿದ ಬಾಗಿಲ ಹಿಂದೆ ನಾವು ಮೂವರು ಕೂತೆವು. ವಿಷಯ ತಿಳಿದು ಸಾಹೇಬರಿಗೆ ಬಾಯಲ್ಲಿ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಈಗ ಅವನಿಗೆ ಯಾರು ಹೇಳುತ್ತೀರಿ ಎಂದರು. ಮೃಣಾಲ್ ಮ್ಯಾಡಂ ನನ್ನನ್ನು ನೋಡಿದರು. ನಾನು ಸಾಹೇಬರನ್ನು ನೋಡಿದೆ. ಸಾಹೇಬರು ಫೋನ್ ನೋಡಿಕೊಂಡರು. ಎಲ್ಲರಿಗೂ ಹೇಳುವುದನ್ನು ಕಲಿಸುತ್ತಿದ್ದ ಮ್ಯಾಡಂ ಸ್ವತಃ ಒಮ್ಮೆಯೂ ಯಾರಿಗೂ ಹೇಳಿರಲಿಲ್ಲವೆಂದು ನನಗೆ ತಿಳಿದದ್ದು ಅವತ್ತೇ. ಕೊನೆಗೆ ಹೇಳುವುದಕ್ಕಿಂತ ಹುದ್ದೆ ಹುಟ್ಟಿಸುವುದೇ ಸುಲಭ ಎಂದು ತೀರ್ಮಾನವಾಗಿ, ನಕ್ಷೆಯಲ್ಲಿ ಹೊಸ ಚೌಕವೊಂದನ್ನು ಬರೆದರು. ಖಾಲಿ ಜಾಗ ಉಳಿದಿದ್ದದ್ದು ನನ್ನ ಚೌಕದ ಮೇಲೆ ಮಾತ್ರ.

ರಘುನಂದನ್ ಹೀಗೆ ನನ್ನ ಮೇಲಧಿಕಾರಿಯಾದ. ಹೊಟ್ಟೆ ಉರಿಯಿತೇ ಎಂದರೆ ಉರಿಯಿತು, ಆದರೆ ಕೆಲಸ ಮಾತ್ರ ಸಸೂತ್ರವಾಯಿತು. ಬೆಳಿಗ್ಗೆ ಏನು ಮಾಡುತ್ತೇವೆಂದು ಹೇಳುವ ಮೀಟಿಂಗು, ಸಂಜೆ ಅದನ್ನೇಕೆ ಮಾಡಲಿಲ್ಲವೆಂದು ಹೇಳುವ ಮೀಟಿಂಗು, ಎರಡನ್ನೂ ತೆಗೆದುಹಾಕಿದ. ನಾನು ಎಲ್ಲಕ್ಕೂ ಹೂಂ ಎನ್ನುತ್ತಿದ್ದ ಗಿರಾಕಿಗಳಿಗೆ, ಆಗುವುದಿಲ್ಲ ಎಂಬುದನ್ನು ಆಗುವುದಿಲ್ಲ ಎಂದೇ ಹೇಳಿದ. ಹುಡುಗರು ಬೆಳಕಿರುವಾಗಲೇ ಮನೆಗೆ ಹೋಗತೊಡಗಿದರು.

ಮೊನ್ನೆ ವರ್ಷದ ಮೌಲ್ಯಮಾಪನಕ್ಕೆ ನನ್ನನ್ನು ಕರೆದ. ಕೂತ ಕೂಡಲೇ ಹೇಳಿದ, "ಸಾರ್, ಆ ಭಾನುವಾರ ನೀವು ನನ್ನ ತೆಗೆಯೋಕೇ ಕರ್ದಿದ್ದು ಅಂತ ನಂಗೊತ್ತಿತ್ತು."

"ಹೆಂಗ ಗೊತ್ತಾತು?" ಎಂದೆ.

"ಪ್ರಮೋಷನ್ ಕೊಡೋರು ಅಷ್ಟು ಹೋಳಿಗೆ ಬಡಿಸಲ್ಲ ಸಾರ್. ದೀಪಾಗೆ ಹೇಳೋಣ ಅಂದ್ರೆ, ಉಡಿ ತುಂಬಿಸ್ಕೊಂಡು ದಾರಿ ಪೂರ್ತಿ ನಗ್ತಾ ಇದ್ಲು. ನಿಮ್ಮ ಕಾಯಿಲೆ ಅವತ್ತು ನಂಗೂ ಅಂಟ್ಕೊಳ್ತು, ಬಾಯೇ ಬರ್ಲಿಲ್ಲ. ಈ ಆಫೀಸ್‌ನಲ್ಲಿ ಯಾರಿಗೂ ಬರಲ್ಲ ಅಂತ ಆಗ ಹೊಳೀತು. ಬೆಳಿಗ್ಗೆ ಎದ್ದು ಪೇಢೆ ತಂದೆ."

ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಮಾಧಾನವಾಯಿತು. ಅವನು ಹಾಗೆಯೇ ಮುಂದುವರಿದ. "ಇನ್ನು ನಿಮ್ಮ ವಿಷಯ. ಜನರನ್ನ ನಡೆಸೋ ಕೆಲಸ ನಿಮ್ದಲ್ಲ ಸಾರ್. ಮುಂದಿನ ತಿಂಗಳಿಂದ ಟೀಮ್ ಬೇರೆಯವರು ನೋಡ್ಕೊಳ್ತಾರೆ. ನೀವು ಮೊದಲಿನ ಹಾಗೆ ಪ್ರೋಗ್ರಾಂ ಬರೀರಿ. ಅದನ್ನ ನಿಮ್ಮಷ್ಟು ಚೆನ್ನಾಗಿ ಬರೆಯೋರು ಇಲ್ಲಿಲ್ಲ." ಇಷ್ಟೇ. ಚಹಾ ಇಲ್ಲ, ಮುಖ ತಿರುಗಿಸಲಿಲ್ಲ. ನೋವು ಇರುವೆ ಕಚ್ಚಿದಷ್ಟೇ ಆಯಿತು. ಹೇಳುವುದು ಇಷ್ಟು ಸುಲಭವೇ ಎಂದು ದಾರಿಯುದ್ದಕ್ಕೂ ಆಶ್ಚರ್ಯಪಟ್ಟೆ. ಮನೆಗೆ ಹೋಗಿ ನಾನೂ ಸುಮಿತ್ರಾಳಿಗೆ ಹೀಗೆಯೇ ಒಂದೇ ಉಸಿರಿನಲ್ಲಿ, ನಾನಿನ್ನು ಮ್ಯಾನೇಜರ್ ಅಲ್ಲ ಎಂದು ಹೇಳಿಬಿಡಬೇಕೆಂದು ನಿರ್ಧರಿಸಿದೆ.

ಬಾಗಿಲು ತೆಗೆದವಳೇ, "ಏನಂದ್ರು ರಘುನಂದನ್?" ಎಂದಳು.

"ನನ್ನಷ್ಟು ಛಂದ ಕೆಲಸಾ ಮಾಡೋರು ಇಲ್ಲೆ ಯಾರೂ ಇಲ್ಲ ಅಂದ್ರು" ಎಂದೆ.

ಅವಳು ಆಗಲೇ ವಿಜಯಪುರಕ್ಕೆ ಫೋನ್ ಹಚ್ಚಿದ್ದಳು. ತನ್ನ ತಮ್ಮನಿಗೆ ನನಗೆ ಪ್ರಮೋಷನ್ ಆಯಿತೆಂದೇ ಹೇಳಿ, ಮುಖ ಅರಳಿಸಿಕೊಂಡು ಫೋನನ್ನು ನನ್ನ ಕೈಗಿಟ್ಟಳು. ಅವನು ಆ ಕಡೆಯಿಂದ "ಮಾಮಾ, ಇನ್ನ ಎಷ್ಟು ಮಂದಿ ನಿಮ್ಮ ಕೈಕೆಳಗ?" ಎಂದು ಕೇಳುತ್ತಿದ್ದ. ಸುಮಿತ್ರಾ ಪಕ್ಕದಲ್ಲೇ ನಿಂತಿದ್ದಳು. "ಹೊಸಬರು ಬರೋರಿದ್ದಾರ ನೋಡಪಾ, ಇನ್ನೂ ಲೆಕ್ಕಾ ಆಗಿಲ್ಲ" ಎಂದೆ.